ಹಾರದ ದಿನದ ಸಂಬಳ

"ಈ ಸೊನ್ನೆ ಎಂತದು ಮಗಳೇ? ಆ ದಿವಸ ನಿನಗೆ ರಜೆಯಾ?"

2024ರ ಜೂನ್ ತಿಂಗಳ ಒಂದು ರಾತ್ರಿ ಅಪ್ಪ ಹೀಗೆ ಕೇಳಿದರು. ಸಂಜೆ ಹಿಡಿದ ಮಳೆ ಬಿಟ್ಟಿರಲಿಲ್ಲ. ಕರೆಂಟು ಹೋಗಿತ್ತು. ಚಾವಡಿಯಲ್ಲಿ ಎಮರ್ಜೆನ್ಸಿ ಲೈಟು ಇಟ್ಟುಕೊಂಡು, ಅಡಿಕೆ ಮಾರಿದ ಚೀಟಿ ನೋಡುವ ಹಾಗೆ, ನನ್ನ ನೋಟ್‌ಬುಕ್ಕಿನ ಒಂದೊಂದೇ ಸಾಲಿಗೆ ಬೆರಳಿಟ್ಟು ನೋಡುತ್ತಿದ್ದರು. ಆ ಪುಸ್ತಕದಲ್ಲಿ ಪ್ರತಿ ದಿನಕ್ಕೆ ಎರಡು ಅಂಕಿ. ಒಂದು, ಇಂಜಿನ್ ಓಡಿದ ಹೊತ್ತು ತೋರಿಸುವ ಹಾಬ್ಸ್ ಮೀಟರಿನಲ್ಲಿ ಆ ದಿನ ನನ್ನ ಲೆಕ್ಕಕ್ಕೆ ಬಂದ ಗಂಟೆ. ಇನ್ನೊಂದು, ನಾನು ಏರ್‌ಫೀಲ್ಡಿನಲ್ಲಿ ಇದ್ದ ಗಂಟೆ.

"ರಜೆ ಅಲ್ಲ ಅಪ್ಪ. ಬೆಳಿಗ್ಗೆ ಐದೂವರೆಗೆ ಹೋಗಿ ಸಂಜೆ ಏಳಕ್ಕೆ ಬಂದದ್ದು."

"ಮತ್ತೆ ಸೊನ್ನೆ?"

"ಇಂಜಿನ್ ತಿರುಗಲಿಲ್ಲ. ತಿರುಗಿದರೆ ಮಾತ್ರ ಗಂಟೆ."

ಅಪ್ಪ ಕನ್ನಡಕ ತೆಗೆದು ಬೈರಾಸಿನಲ್ಲಿ ಒರೆಸಿ ಪುನಃ ಹಾಕಿಕೊಂಡರು. ಏನೂ ಹೇಳಲಿಲ್ಲ. ವಿಮಾನ ಹಾರಿಸಲು ಕಲಿಸುವ ಇನ್‌ಸ್ಟ್ರಕ್ಟರ್ ಆಗಿ ಸುಮಾರು ಮೂರು ವರ್ಷ ನಾನು ಎಂತ ಕೆಲಸ ಮಾಡುತ್ತಿದ್ದೆ, ಅದಕ್ಕೆ ಎಷ್ಟು ಸಿಗುತ್ತಿತ್ತು, ಯಾಕೆ ಬಿಟ್ಟು ಬಂದೆ ಎಂಬುದನ್ನು ಆ ರಾತ್ರಿ ಮೊದಲ ಸಲ ಪೂರ್ತಿ ಹೇಳಿದೆ. ಅಪ್ಪನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪೈಲಟ್ ಆಗಬೇಕೆಂದು ಹೊರಟ ಮಕ್ಕಳು ನಮ್ಮ ಕಡೆಯೂ ಈಗ ಇದ್ದಾರೆ. ಕೋರ್ಸಿಗೆ ಎಷ್ಟು ಲಕ್ಷ ಎಂದು ಎಲ್ಲರೂ ಕೇಳುತ್ತಾರೆ. ಕಲಿಸುವವರಿಗೆ ಎಷ್ಟು ಸಿಗುತ್ತದೆ ಎಂದು ಯಾರೂ ಕೇಳಿದ್ದನ್ನು ನಾನು ಕಾಣೆ.

ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯವಳು. ಹತ್ತನೇ ತನಕ ಕನ್ನಡ ಮೀಡಿಯಂ. ನಮ್ಮೂರಿನಲ್ಲಿ ವಿಮಾನ ಅಂದರೆ ಬಜ್ಪೆ, ಮಂಗಳೂರಿನ ವಿಮಾನ ನಿಲ್ದಾಣ. ಗಲ್ಫಿಗೆ ಹೋಗುವವರನ್ನು ಕಳಿಸಿಕೊಡಲು ಜೀಪು ತುಂಬಾ ಜನ ಹೋಗುವ ಜಾಗ. 2010ರ ಮೇ 22ರ ಬೆಳಿಗ್ಗೆ ದುಬಾಯಿಯಿಂದ ಬಂದ ವಿಮಾನ ಅಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದಾಗ ನಾನು ಬೇಸಗೆ ರಜೆಯಲ್ಲಿ ಮನೆಯಲ್ಲಿದ್ದೆ. 158 ಮಂದಿ ಹೋದರು, ಉಳಿದದ್ದು 8 ಜನ. ಸತ್ತವರಲ್ಲಿ ನಮ್ಮ ಜಿಲ್ಲೆಯವರು ಎಷ್ಟೋ ಮಂದಿ. ಅಮ್ಮ ಆಮೇಲೆ ತುಂಬಾ ದಿನ ಟಿವಿ ಹಾಕಲು ಬಿಡಲಿಲ್ಲ. ಪ್ಲಸ್ ಟು ಮುಗಿಸಿ ನಾನು ಪೈಲಟ್ ಕಲಿಯುತ್ತೇನೆಂದಾಗ ಅಮ್ಮ ಎತ್ತಿದ್ದು ಹಣದ ಮಾತನ್ನಲ್ಲ, ಬಜ್ಪೆಯ ಮಾತನ್ನು.

ಆ ದುರಂತದ ತನಿಖಾ ವರದಿಯನ್ನು ನಾನು ಟ್ರೈನಿಂಗಿನಲ್ಲಿರುವಾಗ ಓದಿದೆ. ಕ್ಯಾಪ್ಟನ್ ಹಾರಾಟದ ನಡುವೆ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ನಿದ್ದೆಯಲ್ಲಿದ್ದರು. ಇಳಿಯುವಾಗ ವಿಮಾನ ತೀರಾ ಎತ್ತರದಲ್ಲಿತ್ತು. ಇಳಿಯುವುದು ಬೇಡ, ಪುನಃ ಸುತ್ತು ಹೋಗುವ ಎಂದು ಪಕ್ಕದ ಸೀಟಿನ ಕೋ ಪೈಲಟ್ ಹೇಳಿದ್ದೂ ಅದರಲ್ಲಿತ್ತು. "ಬೇಡ" ಎಂಬ ಮಾತಿಗೆ ಬೆಲೆ ಸಿಗದೆ ಹೋದರೆ ಏನಾಗುತ್ತದೆ ಎಂದು ನನಗೆ ಅಷ್ಟು ಎಳೆಯ ಪ್ರಾಯದಲ್ಲಿ ತಿಳಿದದ್ದು ಹಾಗೆ.

ತೋಟದ ಆಧಾರದ ಮೇಲೆ 32 ಲಕ್ಷ ಸಾಲ, ಅಮ್ಮನ ಚಿನ್ನ. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಬೇಕು. ಅದರಲ್ಲಿ 100 ಗಂಟೆ ಪೈಲಟ್ ಇನ್ ಕಮಾಂಡ್, ಅಂದರೆ ವಿಮಾನದ ಜವಾಬ್ದಾರಿ ತಾನೇ ಹೊತ್ತು. ಅಷ್ಟು ಆಗಿ, ನ್ಯಾವಿಗೇಷನ್, ಮೀಟಿಯೊರಾಲಜಿ, ರೆಗ್ಯುಲೇಷನ್ ಪರೀಕ್ಷೆಗಳೆಲ್ಲ ಮುಗಿದು, ಲೈಸೆನ್ಸು ಕೈಗೆ ಬಂದದ್ದು 2019ರ ಡಿಸೆಂಬರಿನಲ್ಲಿ. ಮಾರ್ಚ್ ಕೊನೆಗೆ ಕೊರೋನಾ ಲಾಕ್‌ಡೌನಿಗೆ ದೇಶದ ವಿಮಾನಗಳೆಲ್ಲ ನೆಲಕ್ಕೆ ಕೂತವು. ಇದ್ದ ಪೈಲಟ್‌ಗಳಿಗೇ ಸಂಬಳ ಇಲ್ಲದ ಕಾಲ, ಹೊಸಬರನ್ನು ಕೇಳುವವರಿಲ್ಲ. ಕೇಳಿದರೂ ಜೆಟ್ ಹಾರಿಸಲು ಟೈಪ್ ರೇಟಿಂಗ್, ಅಂದರೆ ಆ ಮಾದರಿಯ ವಿಮಾನಕ್ಕೇ ಬೇರೆ ತರಬೇತಿ ಮತ್ತು ಅರ್ಹತೆ ಬೇಕು, ಅದಕ್ಕೆ ಮತ್ತೆ ಲಕ್ಷಗಟ್ಟಲೆ. ಅಡವಿಡಲು ಮನೆಯಲ್ಲಿ ಏನೂ ಉಳಿದಿರಲಿಲ್ಲ.

ಆಗ ಮಹಾರಾಷ್ಟ್ರದ ಒಂದು ಫ್ಲೈಯಿಂಗ್ ಸ್ಕೂಲಿನವರು ಕರೆದರು. ಹಾರಲು ಕಲಿಸುವ ಅರ್ಹತೆಯಾದ ಅಸಿಸ್ಟೆಂಟ್ ಫ್ಲೈಟ್ ಇನ್‌ಸ್ಟ್ರಕ್ಟರ್ ರೇಟಿಂಗ್ ಅವರೇ ಮಾಡಿಸುತ್ತಾರೆ, ನಾನು ಎರಡು ವರ್ಷ ಅಲ್ಲೇ ಕಲಿಸಬೇಕು. ನೇತ್ರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಪನ್ವೇಲಿನವರೆಗೆ, ಅಲ್ಲಿಂದ ಬಸ್ಸು. 2021ರ ಮಳೆಗಾಲ ಕಳೆದ ಕೂಡಲೇ ಹೋದೆ.

ಇನ್‌ಸ್ಟ್ರಕ್ಟರ್ ಆಗುವುದೆಂದರೆ ಎಡ ಸೀಟಿನಿಂದ ಬಲ ಸೀಟಿಗೆ ಬರುವುದು. ಅಷ್ಟೇ ಅಲ್ಲವೇ ಎಂದು ನನಗೂ ಅನ್ನಿಸಿತ್ತು. ಕೈ ಬದಲಾಗುತ್ತದೆ, ಇಂಜಿನಿನ ಶಕ್ತಿ ಹೆಚ್ಚುಕಡಿಮೆ ಮಾಡುವ ಥ್ರಾಟಲ್ ಎಡಗೈಗೆ ಬರುತ್ತದೆ, ರನ್‌ವೇಯ ನಡುಗೆರೆ ಬೇರೆಯೇ ಕೋನದಲ್ಲಿ ಕಾಣುತ್ತದೆ. ಅದರ ಮೇಲೆ ಪ್ಯಾಟರ್. ಕೈಯಲ್ಲಿ ಮಾಡುವುದನ್ನು ಅದೇ ಕ್ಷಣಕ್ಕೆ ಬಾಯಲ್ಲಿ ಹೇಳಬೇಕು, ಒಂದು ಮಾತು ಹೆಚ್ಚಾಗಬಾರದು, ಒಂದು ಮಾತು ತಡವಾಗಬಾರದು. ಹಾಸ್ಟೆಲಿನ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಗೋಡೆ ನೋಡುತ್ತಾ, ತಿಂಗಳುಗಟ್ಟಲೆ ಅಭ್ಯಾಸ ಮಾಡಿದೆ. ರೇಟಿಂಗ್ ಬಂದ ದಿನ ಲೈಸೆನ್ಸು ಬಂದ ದಿನಕ್ಕಿಂತ ಹೆಚ್ಚು ಸಂತೋಷವಾಗಿತ್ತು. ಈಗಲೂ ಹೇಳುತ್ತೇನೆ, ಈ ಕೆಲಸ ನನಗೆ ಇಷ್ಟ. ಏರ್‌ಲೈನ್ ಸಿಗದ್ದಕ್ಕೆ ಹಿಡಿದ ಕೆಲಸವೇ ಹೌದು, ಆದರೆ ಇಷ್ಟವಾದದ್ದೂ ಹೌದು. ಅದಕ್ಕೇ ಇಷ್ಟು ಬರೆಯುತ್ತಿರುವುದು.

ಸಹಿ ಹಾಕಿದ ಕಾಗದದಲ್ಲಿ ಇದ್ದದ್ದು ಇಷ್ಟು: ತಿಂಗಳಿಗೆ 25,000 ಫಿಕ್ಸೆಡ್, ಹಾರಿಸಿದ ಪ್ರತಿ ಗಂಟೆಗೆ 600. ಬಿಡುವುದಿದ್ದರೆ ಮೂರು ತಿಂಗಳ ನೋಟಿಸು. ರೇಟಿಂಗಿನ ಖರ್ಚಿಗೆ ಎರಡು ವರ್ಷದ ಬಾಂಡ್, ಜಾಮೀನಿಗೆ ಮೊತ್ತ ಬರೆಯದೆ ಸಹಿ ಹಾಕಿದ ಒಂದು ಚೆಕ್ಕು. ಹುದ್ದೆಯ ಜಾಗದಲ್ಲಿ ಇದ್ದ ಪದ "ಕನ್ಸಲ್ಟೆಂಟ್". ಕೇಳಲು ಗೌರವದ ಪದ. ಪಿಎಫ್ ಇಲ್ಲ, ರಜೆಗೆ ಸಂಬಳವಿಲ್ಲ, ಕೈಗೆ ಬರುವ ಮೊದಲೇ ಹತ್ತು ಪರ್ಸೆಂಟು ತೆರಿಗೆ ಕಡಿತ (ಟಿಡಿಎಸ್) ಎಂಬುದೆಲ್ಲ ಆ ಒಂದು ಪದದೊಳಗಿತ್ತು. ಅದು ಗೊತ್ತಾಗಲು ನನಗೆ ಸಮಯ ಹಿಡಿಯಿತು.

ಹಾಬ್ಸ್ ಮೀಟರ್ ಅಂದರೆ ವಿಮಾನದ ಪ್ಯಾನೆಲಿನಲ್ಲಿ ಇರುವ ಸಣ್ಣ ಗಂಟೆ ಲೆಕ್ಕದ ಯಂತ್ರ. ಇಂಜಿನಿಗೆ ಆಯಿಲ್ ಪ್ರೆಶರ್ ಬಂದರೆ ಓಡುತ್ತದೆ, ಇಂಜಿನ್ ನಿಂತರೆ ನಿಲ್ಲುತ್ತದೆ. ಆರು ನಿಮಿಷಕ್ಕೆ ಒಂದು ಅಂಕಿ ಸರಿಯುತ್ತದೆ, ಅದು 0.1. ಇಂಜಿನ್ ಶುರುವಾಗಿ ಹಾರಾಟ ಆಗದಿದ್ದರೆ ಅದನ್ನು ನಮಗೆ ಲೆಕ್ಕ ಹಾಕುತ್ತಿರಲಿಲ್ಲ. ವಿದ್ಯಾರ್ಥಿ ಒಂದು ಗಂಟೆಗೆ ಆಗ ಕೊಡುತ್ತಿದ್ದದ್ದು ಹದಿಮೂರು ಸಾವಿರದ ಹತ್ತಿರ. ಪೆಟ್ರೋಲು, ಮೆಂಟೆನೆನ್ಸು, ಇನ್ಶೂರೆನ್ಸು, ಎಲ್ಲಾ ಅದರಲ್ಲೇ ಆಗಬೇಕು; ಸ್ಕೂಲು ನಡೆಸುವುದು ಸುಲಭ ಎಂದು ನಾನು ಹೇಳುವುದಿಲ್ಲ.

ಆದರೆ ಕಲಿಸುವ ಕೆಲಸ ಎಲ್ಲಿ ಆಗುತ್ತದೆ? ಒಂದು ದಿನದ ವಿಷಯ ಹೇಳುತ್ತೇನೆ. ನಾಶಿಕ್ ಕಡೆಯ ಒಬ್ಬ ಹುಡುಗ, ಬುದ್ಧಿವಂತ, ಲ್ಯಾಂಡಿಂಗ್ ಮಾತ್ರ ಬರುತ್ತಿರಲಿಲ್ಲ. ನೆಲದಿಂದ ಹದಿನೈದು ಅಡಿ ಇರುವಾಗ ಹೆದರಿ ಕಂಟ್ರೋಲನ್ನು ಎದೆಗೆ ಎಳೆದುಕೊಳ್ಳುತ್ತಿದ್ದ. ಆ ದಿನವೂ ಎಳೆದ. ವಿಮಾನ ಮೂಗೆತ್ತಿ ಮೇಲೆ ತೇಲಿತು, ಸ್ಪೀಡು ಸತ್ತಿತು, ರೆಕ್ಕೆ ಇನ್ನು ವಿಮಾನವನ್ನು ಎತ್ತಿ ಹಿಡಿಯದು ಎಂದು ಎಚ್ಚರಿಸುವ ಸ್ಟಾಲ್ ವಾರ್ನಿಂಗ್ ಕೂಗಲು ಶುರುವಾಯಿತು. "ಐ ಹ್ಯಾವ್ ಕಂಟ್ರೋಲ್" ಎಂದು ಥ್ರಾಟಲ್ ಪೂರ್ತಿ ಒತ್ತಿ, ಮೂಗು ಇಳಿಸಿ, ಪುನಃ ಸುತ್ತಿಗೆ ಹೋದೆವು. ಅವನ ಅಂಗೈ ಬೆವರಿನಿಂದ ಕಂಟ್ರೋಲ್ ವೀಲ್ ಒದ್ದೆಯಾಗಿತ್ತು. ಅಂಥ ಹೆದರಿಕೆಯಲ್ಲಿರುವವನಿಗೆ ಮೇಲೆ ಏನು ಹೇಳಿದರೂ ಕಿವಿಗೆ ಹೋಗುವುದಿಲ್ಲ. ಇಳಿದ ಮೇಲೆ ಶೆಡ್ಡಿನ ಹಿಂದೆ ಕೂರಿಸಿ, ಒಂದು ಲೋಟ ಚಹಾ ಕೊಟ್ಟು, ಮರದ ಮಾಡೆಲ್ ವಿಮಾನ ಹಿಡಿದು, ಎಲ್ಲಿ ನೋಡಬೇಕು ಎಂದು ಹೇಳಿಕೊಟ್ಟೆ. ನೆಲವನ್ನು ನೋಡಬೇಡ, ರನ್‌ವೇಯ ಆ ತುದಿ ನೋಡು, ಆಗ ನೆಲ ತಾನಾಗಿಯೇ ಅಗಲವಾಗಿ ಏರಿ ಬರುವುದು ಕಾಣುತ್ತದೆ, ಆಗ ಎಳಿ. ಸಿಮೆಂಟಿನ ಮೇಲೆ ಕುಕ್ಕರಗಾಲಿನಲ್ಲಿ ಕೂರಿಸಿ, ಅದೇ ಎತ್ತರದಿಂದ ದೂರ ನೋಡುವುದು ಹೇಗೆಂದು ತೋರಿಸಿದೆ. ಐವತ್ತು ನಿಮಿಷ. ಮಾರನೆ ದಿನ ಅವನು ಒಂದಾದ ಮೇಲೊಂದು ಆರು ಲ್ಯಾಂಡಿಂಗ್ ಮಾಡಿದ. ಆ ಹುಡುಗ ಕಲಿತದ್ದು ಆ ಐವತ್ತು ನಿಮಿಷದಲ್ಲಿ. ಆ ಐವತ್ತು ನಿಮಿಷಕ್ಕೆ ಹಾಬ್ಸ್ ಮೀಟರಿನಲ್ಲಿ ಅಂಕಿ ಇಲ್ಲ.

ನೋಟ್‌ಬುಕ್ಕಿನಲ್ಲಿ ಎರಡನೇ ಅಂಕಿ ಬರೆಯಲು ಶುರು ಮಾಡಿದ್ದು ಅವತ್ತು ರಾತ್ರಿ.

ದಿನ ಹೀಗೆ ಇರುತ್ತಿತ್ತು. ಬೆಳಿಗ್ಗೆ ಐದೂವರೆಗೆ ಶೆಡ್ಡು. ಟಾರ್ಚು ಹಿಡಿದು ವಿಮಾನದ ಸುತ್ತ ಪರೀಕ್ಷೆ, ಟ್ಯಾಂಕಿನಿಂದ ಸ್ವಲ್ಪ ಪೆಟ್ರೋಲು ಇಳಿಸಿ ನೀರು ಸೇರಿದೆಯಾ ಎಂದು ಬೆಳಕಿಗೆ ಹಿಡಿದು ನೋಡುವುದು, ಹವಾಮಾನ, ಬ್ರೀಫಿಂಗು. ಬೆಳಕು ಹರಿದ ಮೇಲೆ ಹನ್ನೊಂದರ ತನಕ ಹಾರಾಟ. ಆಮೇಲೆ ಬಿಸಿಲಿಗೆ ಗಾಳಿ ಕುದಿಯುತ್ತದೆ, ಸಣ್ಣ ವಿಮಾನ ಕಲ್ಲುರಸ್ತೆಯ ಜೀಪಿನ ಹಾಗೆ ಎತ್ತಿ ಎತ್ತಿ ಹಾಕುತ್ತದೆ. ಮೂರೂವರೆ ತನಕ ತಗಡಿನ ಶೆಡ್ಡಿನಲ್ಲಿ ಕಾಯುವುದು. ರೂಮಿಗೆ ಹೋಗುವ ಹಾಗಿಲ್ಲ, ಯಾವಾಗ ಕರೆಯುತ್ತಾರೋ ಗೊತ್ತಿಲ್ಲ. ಪುನಃ ಸೂರ್ಯ ಮುಳುಗುವ ತನಕ. ನಂತರ ಡೀಬ್ರೀಫಿಂಗು, ವಿದ್ಯಾರ್ಥಿಗಳ ಪ್ರೋಗ್ರೆಸ್ ರಿಪೋರ್ಟು, ಆಥರೈಸೇಷನ್ ಪುಸ್ತಕ. ಹೆಂಗಸರ ಟಾಯ್ಲೆಟ್ ಇದ್ದದ್ದು ಆಫೀಸಿನ ಕಟ್ಟಡದಲ್ಲಿ, ವಿಮಾನ ನಿಲ್ಲಿಸುವ ಜಾಗದಿಂದ ಅರ್ಧ ಕಿಲೋಮೀಟರಿಗೂ ಹೆಚ್ಚು. ಎರಡು ಹಾರಾಟದ ನಡುವೆ ಹೋಗಿ ಬರಲು ಸಮಯ ಸಾಲುತ್ತಿರಲಿಲ್ಲ. ಹಾಗಾಗಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದೆ. ಏಪ್ರಿಲ್ ಬಿಸಿಲಿಗೆ, ಎಸಿ ಇಲ್ಲದ ಸೆಸ್ನಾ ಎಂಬ ಸಣ್ಣ ವಿಮಾನದ ಗಾಜಿನ ಕೆಳಗೆ, ಮಧ್ಯಾಹ್ನಕ್ಕೆ ತಲೆ ಸಿಡಿಯುತ್ತಿತ್ತು. ಒಂದು ಬೇಸಗೆಯಲ್ಲಿ ಎರಡು ಸಲ ಮೂತ್ರದ ಸೋಂಕು ಆಯಿತು. ಇಬ್ಬರು ಹುಡುಗಿಯರು, ವಿದ್ಯಾರ್ಥಿನಿಯರು, ನನ್ನ ಹಾಗೆಯೇ ಮಾಡುತ್ತಿದ್ದಾರೆ ಎಂದು ಗೊತ್ತಾದಾಗ ಬಹಳ ಬೇಸರವಾಯಿತು. ಹಾಗೆ ಮಾಡುವುದನ್ನು ಅವರು ಕಲಿತದ್ದು ನನ್ನನ್ನು ನೋಡಿ.

ಪೈಲಟ್ ಆದವರು 30 ದಿನದಲ್ಲಿ 125 ಗಂಟೆಗಿಂತ ಹೆಚ್ಚು ಹಾರಬಾರದೆಂದು 1937ರ ಏರ್‌ಕ್ರಾಫ್ಟ್ ರೂಲ್ಸಿನಲ್ಲೇ ಇತ್ತು. ನಾನು ಆ ಮಿತಿಯ ಹತ್ತಿರ ಒಮ್ಮೆಯೂ ಹೋಗಿಲ್ಲ. ಕಾಗದದಲ್ಲಿ ನೋಡಿದರೆ ಆರಾಮದ ಕೆಲಸ. 2024ರ ಫೆಬ್ರವರಿ ತೆಗೆದುಕೊಳ್ಳಿ, ಅದು ಒಳ್ಳೆಯ ತಿಂಗಳು: ಹಾರಿದ್ದು 58.1 ಗಂಟೆ. ಏರ್‌ಫೀಲ್ಡಿನಲ್ಲಿ ಇದ್ದದ್ದು 24 ದಿನ, ಒಟ್ಟು 276 ಗಂಟೆ. ಐದರಲ್ಲಿ ಒಂದು ಪಾಲು ಆಕಾಶ, ನಾಲ್ಕು ಪಾಲು ನೆಲ.

ಕೆಟ್ಟ ತಿಂಗಳು ಮಳೆಗಾಲದ್ದು. 2023ರ ಜುಲೈಯಲ್ಲಿ ತಿಂಗಳಿಡೀ ಮೋಡ ಕೆಳಗೆ ಕೂತು 11 ಗಂಟೆ ಮಾತ್ರ ಹಾರಿದೆ. 31,600 ಆಯಿತು, ಟಿಡಿಎಸ್ ಕಳೆದು ಕೈಗೆ 28,440. ಬ್ಯಾಂಕಿನ ಕಂತು 38,000. ಉಳಿದದ್ದನ್ನು ಅಪ್ಪ ಅಡಿಕೆ ಮಾರಿ ಹಾಕಿದರು.

ಆ ತಿಂಗಳ 29ನೇ ತಾರೀಕು ನಡೆದದ್ದನ್ನು ಅಪ್ಪನಿಗೂ ಆ ರಾತ್ರಿಯ ತನಕ ಹೇಳಿರಲಿಲ್ಲ. ಮೂರು ದಿನದ ನಂತರ ಆಕಾಶ ಸ್ವಲ್ಪ ಬಿಟ್ಟಿತ್ತು. ವಿದ್ಯಾರ್ಥಿಯೊಂದಿಗೆ ಸೆಸ್ನಾ 172. ರನ್‌ವೇಗೆ ಹೋಗುವ ಮುಂಚೆ ರನ್‌ಅಪ್ ಮಾಡುತ್ತೇವೆ. ಇಂಜಿನನ್ನು ನಿಮಿಷಕ್ಕೆ 1800 ಸುತ್ತಿಗೆ ತಂದು, ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಕೊಡುವ ಎರಡು ಮ್ಯಾಗ್ನೆಟೊಗಳಲ್ಲಿ ಒಂದೊಂದನ್ನೇ ಬಂದ್ ಮಾಡಿ ನೋಡುವುದು. ಸುತ್ತು 150ಕ್ಕಿಂತ ಹೆಚ್ಚು ಇಳಿಯಬಾರದು, ಎರಡರ ನಡುವೆ 50ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಒಂದು ಬದಿಯಲ್ಲಿ 220 ಇಳಿಯಿತು. ಇಂಜಿನ್ ಗಡಗಡ ಎಂದಿತು, ಸೀಟಿನ ಕೆಳಗೆ ಅದರ ನಡುಕ ಗೊತ್ತಾಯಿತು. ಪ್ಲಗ್ಗಿಗೆ ಮಸಿ ಹಿಡಿದಿದ್ದರೆ ಪೆಟ್ರೋಲು ಕಡಿಮೆ ಮಾಡಿ ಗಾಳಿಯ ಮಿಕ್ಸ್ಚರ್ ತೆಳು ಮಾಡಿ ಸ್ವಲ್ಪ ಹೊತ್ತು ಜೋರಾಗಿ ಓಡಿಸಿದರೆ ಸುಟ್ಟುಹೋಗುತ್ತದೆ. ಎರಡು ಸಲ ಮಾಡಿದೆ. 220 ಇದ್ದದ್ದು 170ಕ್ಕೆ ಬಂತು. ಅಲ್ಲಿಗೇ ನಿಂತಿತು.

ಬರೇ ಇಪ್ಪತ್ತು ಸುತ್ತು ಹೆಚ್ಚು. ಮೇಲೆ ಹೋದರೆ ಸರಿಯಾದೀತು ಎಂದು ಹೇಳುವವರು ಇದ್ದರು. ವಿದ್ಯಾರ್ಥಿ ಹದಿನೈದು ದಿನದಿಂದ ಕಾದವನು, ನನ್ನ ಮುಖ ನೋಡುತ್ತಿದ್ದ. ನನ್ನ ಎಡಗೈ ಥ್ರಾಟಲಿನ ಮೇಲಿತ್ತು. ತಲೆಯಲ್ಲಿ ಒಂದು ಲೆಕ್ಕ ಬಂತು: 1.2 ಗಂಟೆ, 720 ರೂಪಾಯಿ. ಸಂಜೆ ಇನ್ನೊಬ್ಬನೂ ಇದೇ ವಿಮಾನಕ್ಕೆ ಇದ್ದಾನೆ, ಅದು ಸೇರಿದರೆ ಸಾವಿರದ ನಾನೂರು. ಅರ್ಧ ನಿಮಿಷ ಇರಬಹುದು, ಆ ಲೆಕ್ಕ ನನ್ನ ಕೈಯನ್ನು ಹಿಡಿದು ಕೂತಿತ್ತು. ಆಮೇಲೆ ಟವರಿಗೆ ಹೇಳಿ ವಾಪಸು ತಂದೆ. ಮೆಕ್ಯಾನಿಕ್ ಬಿಚ್ಚಿದಾಗ ಒಂದು ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿ ಸೀಳಿತ್ತು. ವಿಮಾನ ಎರಡು ದಿನ ನಿಂತಿತು. ನನ್ನ ಪುಸ್ತಕದಲ್ಲಿ ಆ ದಿನಕ್ಕೆ 0.0.

"ನಾನು ತಪ್ಪು ಮಾಡಲಿಲ್ಲ ಅಪ್ಪ" ಎಂದೆ. "ಆದರೆ ಅರ್ಧ ನಿಮಿಷ ಯೋಚನೆ ಮಾಡಿದೆ. ಯೋಚನೆ ಮಾಡಲೇಬಾರದಿತ್ತು."

ಅಪ್ಪ ಪುಸ್ತಕ ಮುಚ್ಚಿದರು. ಅವರು ಹೇಳಿದ್ದು ನಾನು ಎಣಿಸದ ಮಾತು.

"ನಮ್ಮಲ್ಲಿ ಮದ್ದು ಬಿಡ್ಲಿಕ್ಕೆ ಬರ್ತಾರಲ್ಲ. ಮಳೆ ಬಂದು ಮರ ಹತ್ಲಿಕ್ಕೆ ಆಗದ ದಿವಸ ನಾನು ಅರ್ಧ ದಿನದ ಸಂಬಳ ಕೊಟ್ಟು, ಊಟ ಮಾಡಿಸಿ ಕಳಿಸ್ತೇನೆ. ಯಾಕೆ ಗೊತ್ತುಂಟಾ? ಸಂಬಳ ಇಲ್ಲ ಅಂತ ಹೇಳಿದ್ರೆ ಅವ ಒದ್ದೆ ಮರಕ್ಕೆ ಹತ್ತುತ್ತಾನೆ. ಮನೆಯಲ್ಲಿ ಮಕ್ಕಳಿದ್ದಾರೆ, ಹತ್ತದೆ ಎಂತ ಮಾಡ್ತಾನೆ? ಬಿದ್ದರೆ ಅದು ಅವನ ತಪ್ಪಲ್ಲ, ನಂದು."

ಅಡಿಕೆ ಮರದ ವಿಷಯ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಳೆಗಾಲದಲ್ಲಿ ಕೊಳೆರೋಗ ಬಾರದ ಹಾಗೆ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಗೊನೆಗೆ ಬಿಡಬೇಕು, ಕೊಯ್ಲು ಬರುವ ಮೊದಲು ಎರಡು ಮೂರು ಸಲ. ಕಾಲಿಗೆ ತಳೆ ಹಾಕಿಕೊಂಡು ನಲವತ್ತು ಐವತ್ತು ಅಡಿ ಹತ್ತುತ್ತಾರೆ, ಒಂದು ಮರದಿಂದ ಇನ್ನೊಂದಕ್ಕೆ ಬಾಗಿ ಹಿಡಿದು ದಾಟುತ್ತಾರೆ. ಪಾಚಿ ಹಿಡಿದ ಒದ್ದೆ ಮರ ಎಣ್ಣೆ ಹಚ್ಚಿದ ಹಾಗೆ. ನಮ್ಮ ಊರಿನಲ್ಲಿ ಬಿದ್ದು ಸೊಂಟ ಮುರಿದವರು, ಜೀವ ಬಿಟ್ಟವರು ಇದ್ದಾರೆ. ಅಪ್ಪ ಆ ಅರ್ಧ ದಿನದ ಸಂಬಳ ಕೊಡುವುದನ್ನು ನಾನು ಸಣ್ಣಂದಿನಿಂದ ನೋಡಿದ್ದೆ. ದಾಕ್ಷಿಣ್ಯಕ್ಕೆ ಕೊಡುವುದೆಂದು ತಿಳಿದಿದ್ದೆ.

ಗಂಟೆಗೆ ಆರುನೂರರ ಬದಲು ಎಂಟುನೂರು ಕೊಟ್ಟರೆ ನನ್ನ ಕಂತಿಗೆ ಸ್ವಲ್ಪ ಅನುಕೂಲವಾಗುತ್ತಿತ್ತು, ಆದರೆ ಆ ಅರ್ಧ ನಿಮಿಷ ಇನ್ನೂ ಉದ್ದವಾಗುತ್ತಿತ್ತು. ನಾನು ದೂರುವುದು ರೇಟು ಕಡಿಮೆ ಎಂದಲ್ಲ. ಕಲಿಸುವವಳ "ಬೇಡ" ಎಂಬ ಮಾತು ಅವಳ ಕೈಯಿಂದಲೇ ಹಣ ಕೀಳುವ ಹಾಗೆ ಸಂಬಳ ಕಟ್ಟಿದ್ದಾರೆ, ಅದೇ ನನ್ನ ದೂರು. ಮೋಡ ಕೆಳಗಿದೆ ಬೇಡ, ಇಂಜಿನ್ ಸರಿ ಇಲ್ಲ ಬೇಡ, ಹುಡುಗನಿಗೆ ಜ್ವರ ಬೇಡ, ನನಗೇ ರಾತ್ರಿ ನಿದ್ದೆಯಾಗಿಲ್ಲ ಬೇಡ. ಪ್ರತಿ ಸಲವೂ ಆರುನೂರು, ಏಳುನೂರು.

ಇನ್ನು ಬಿಟ್ಟು ಬಂದ ಕಥೆ. 2024ರ ಜನವರಿಯಿಂದ ಸಂಬಳ ನಿಂತಿತು. ಮುಂದಿನ ವಾರ, ಹೊಸ ಬ್ಯಾಚಿನ ಫೀಸು ಬಂದ ಮೇಲೆ ಎನ್ನುತ್ತಲೇ ನಾಲ್ಕು ತಿಂಗಳಾಯಿತು. ಒಟ್ಟು 2,36,800. ನನ್ನ ಬಾಂಡಿನ ಎರಡು ವರ್ಷ ಹಿಂದಿನ ಡಿಸೆಂಬರಿಗೇ ಮುಗಿದಿತ್ತು, ಚೆಕ್ಕು ಮಾತ್ರ ವಾಪಸು ಕೊಟ್ಟಿರಲಿಲ್ಲ. ಮೇ ತಿಂಗಳ ಎರಡರಂದು ರಾಜೀನಾಮೆ ಕೊಟ್ಟೆ. ಮೂರು ತಿಂಗಳ ನೋಟಿಸಿನ ಕರಾರು ಉಂಟು, ಚೆಕ್ಕು ನಮ್ಮಲ್ಲಿ ಉಂಟು ಎಂದು ಉತ್ತರ ಬಂತು. ಜೊತೆಗೆ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ಇ-ಲಾಗ್‌ಬುಕ್ಕಿನಲ್ಲಿ ನಾನು ಹಾಕಿದ ಕೊನೆಯ ಎರಡು ತಿಂಗಳ ಗಂಟೆಗಳಿಗೆ ಅವರ ಒಪ್ಪಿಗೆಯೂ ಬರಲಿಲ್ಲ. ಅದಿಲ್ಲದೆ ಬೇರೆ ಕಡೆ ಹೋಗಿ ಆ ಗಂಟೆ ತೋರಿಸುವುದು ಹೇಗೆ?

ಮನೆಗೆ ಬಂದು ಕಾಸರಗೋಡಿನ ವಿದ್ಯಾನಗರದ ಕೋರ್ಟಿನಲ್ಲಿ ವಕೀಲರಾಗಿರುವ ಮಾವನಲ್ಲಿಗೆ ಹೋದೆ; ಅಮ್ಮನಿಗೆ ದೂರದ ಸಂಬಂಧ. ಕಾಗದ ಓದಿ ಅವರು ಮೊದಲು ಕೇಳಿದ್ದು ಹೀಗೆ: "ನೀನು ಅಲ್ಲಿ ಟೀಚರಾ, ಪೈಲಟಾ?"

ಆ ಪ್ರಶ್ನೆ ಯಾಕೆಂದು ವಿವರಿಸಿದರು. ಆಗ ಇದ್ದ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಪರಿಹಾರ ಸಿಗಬೇಕಾದರೆ ನಾನು "ಕಾರ್ಮಿಕ" ಆಗಿರಬೇಕು. ಶಾಲೆಯ ಟೀಚರು ಆ ಅರ್ಥದಲ್ಲಿ ಕಾರ್ಮಿಕರಲ್ಲ ಎಂದು ಗೋವಾದ ಒಬ್ಬ ಶಿಕ್ಷಕಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1988ರಲ್ಲೇ ಹೇಳಿದೆ. ಪೈಲಟ್‌ಗಳು ಕಾರ್ಮಿಕರೇ ಎಂದು ದೆಹಲಿ ಹೈಕೋರ್ಟು ಹೇಳಿದ್ದುಂಟು. ಹಾರಲು ಕಲಿಸುವವಳು ಎರಡರ ನಡುವೆ ಬೀಳುತ್ತಾಳೆ. ವಾದ ಮಾಡಬಹುದು, ವರ್ಷಗಟ್ಟಲೆ ಆದೀತು. ಇನ್ನೊಂದು ದಾರಿ ವೇತನ ಪಾವತಿ ಕಾಯ್ದೆ, 1936. ಅದು ಆಗ ತಿಂಗಳಿಗೆ 24,000ದ ಒಳಗಿನ ಸಂಬಳದವರಿಗೆ ಮಾತ್ರ. ನನ್ನ ಫಿಕ್ಸೆಡ್ ಒಂದೇ 25,000. ಅಲ್ಲದೆ ಕಾಗದದ ಪ್ರಕಾರ ನಾನು ಸಂಬಳದವಳೇ ಅಲ್ಲ, ಕನ್ಸಲ್ಟೆಂಟ್.

ಕೆಲಸಕ್ಕೆ ಬಂದದ್ದು ಬೇರೆಯೇ ಒಂದು ವಿಷಯ. ಮಾವ ಇನ್‌ಕಮ್ ಟ್ಯಾಕ್ಸಿನ 26ಎಎಸ್, ಅಂದರೆ ನಮ್ಮ ಹೆಸರಿನಲ್ಲಿ ಕಟ್ಟಿದ ತೆರಿಗೆಯ ಪಟ್ಟಿ, ತೆಗೆದು ನೋಡು ಎಂದರು. ಅವರ ಆಫೀಸಿನ ಬೆಂಚಿನಲ್ಲೇ ಕೂತು ಫೋನಿನಲ್ಲಿ ತೆಗೆದೆ. ಜನವರಿ 62,440. ಫೆಬ್ರವರಿ 59,860. ಮಾರ್ಚ್ 64,600. ಮೂರಕ್ಕೂ 194ಜೆ ಸೆಕ್ಷನಿನಲ್ಲಿ ಹತ್ತು ಪರ್ಸೆಂಟು ಟಿಡಿಎಸ್ ಕಟ್ಟಿಯಾಗಿತ್ತು. ಹಣ ಕೊಡುವಾಗ ಅಥವಾ ಲೆಕ್ಕದಲ್ಲಿ ನಮ್ಮ ಹೆಸರಿಗೆ ಜಮಾ ಮಾಡುವಾಗ, ಯಾವುದು ಮೊದಲೋ ಆಗ ಟಿಡಿಎಸ್ ಹಿಡಿಯಬೇಕು. ಅಂದರೆ ನನಗೆ ಇಷ್ಟು ಕೊಡಲಿಕ್ಕುಂಟು ಎಂದು ಅವರೇ ಸರ್ಕಾರಕ್ಕೆ ಬರೆದುಕೊಟ್ಟಿದ್ದರು. ನನ್ನ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಒಂದು ರೂಪಾಯಿ ಬಂದಿರಲಿಲ್ಲ. ಏಪ್ರಿಲಿನದ್ದು ಮುಂದಿನ ತ್ರೈಮಾಸಿಕಕ್ಕೆ ಸೇರುವುದರಿಂದ ಅದರಲ್ಲಿ ಇನ್ನೂ ಬಂದಿರಲಿಲ್ಲ.

ಜುಲೈಯಲ್ಲಿ ನೋಟಿಸು ಹೋಯಿತು. 26ಎಎಸ್ ಪ್ರತಿ, ಪಾಸ್‌ಬುಕ್ಕಿನ ಪ್ರತಿ, ದಿನದ ರೋಸ್ಟರ್ ಬಂದ ವಾಟ್ಸಾಪ್ ಮೆಸೇಜುಗಳ ಪ್ರಿಂಟು, ಲಾಗ್‌ಬುಕ್ಕಿನ ಪುಟಗಳು. ಕರಾರು ಮುರಿದವರು ಕೇಳಿದಷ್ಟೂ ಕೊಡಬೇಕೆಂದಿಲ್ಲ, ನ್ಯಾಯವಾದ ನಷ್ಟ ಪರಿಹಾರ ಮಾತ್ರ ಎಂದು ಕರಾರು ಕಾಯ್ದೆಯ 74ನೇ ಸೆಕ್ಷನ್ ಹೇಳುತ್ತದೆ. ಬಾಂಡ್ ಮುಗಿದ ಮೇಲೆ ಆ ಚೆಕ್ಕಿನ ಹಿಂದೆ ಯಾವ ಸಾಲವೂ ಇಲ್ಲ. ಎರಡನ್ನೂ ಮಾವ ಸ್ಪಷ್ಟವಾಗಿ ಬರೆದರು. ಆರು ವಾರ ಸುದ್ದಿಯಿಲ್ಲ. ಸೆಪ್ಟೆಂಬರಿನಲ್ಲಿ ಒಂದು ದಿನ ಬ್ಯಾಂಕಿನಿಂದ ಮೆಸೇಜು: 1,68,210. ಮೂರು ತಿಂಗಳಿನದ್ದು, ಟಿಡಿಎಸ್ ಕಳೆದು ಸರಿಯಾಗಿ. 26ಎಎಸ್‌ನಲ್ಲಿ ಕಂಡದ್ದಷ್ಟೇ ಕೊಟ್ಟರು. ಏಪ್ರಿಲಿನ 49,900 ನೋಟಿಸ್ ಪೀರಿಯಡ್ ಲೆಕ್ಕಕ್ಕೆ ಹಿಡಿದರು. ಇನ್ನೊಂದು ಪತ್ರ ಬರೆದ ಮೇಲೆ ಚೆಕ್ಕು ಪೋಸ್ಟಿನಲ್ಲಿ ವಾಪಸು ಬಂತು, ಇ-ಲಾಗ್‌ಬುಕ್ಕಿನ ಗಂಟೆಗಳಿಗೆ ಒಪ್ಪಿಗೆಯೂ ಬಂತು. ಏಪ್ರಿಲಿನದ್ದಕ್ಕೆ ದಾವೆ ಹಾಕಬಹುದಿತ್ತು. ಹಾಕಲಿಲ್ಲ. ಗಂಟೆಗಳಿಗೆ ಒಪ್ಪಿಗೆ ಬಂದ ಕೂಡಲೇ ಹೊಸ ಕೆಲಸ ಹುಡುಕಬೇಕಿತ್ತು, ಕಂತು ಕಾಯುವುದಿಲ್ಲ.

2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಗೆ ಬಂದಿದೆ. ಹೊತ್ತಿಗೆ ಸರಿಯಾಗಿ ಸಂಬಳ ಕೊಡಬೇಕೆಂಬ ನಿಯಮಕ್ಕೆ ಈಗ 24,000ದ ಗಡಿ ಇಲ್ಲ. ಕೆಲಸ ಬಿಟ್ಟವರ ಬಾಕಿ ಎರಡು ಕೆಲಸದ ದಿನದೊಳಗೆ ಕೊಡಬೇಕು. ಆದರೆ ಅದೂ ಉದ್ಯೋಗಿಗಳಿಗೆ. ಕಾಗದದಲ್ಲಿ "ಕನ್ಸಲ್ಟೆಂಟ್" ಎಂದಿದ್ದರೆ, ನಾನು ಉದ್ಯೋಗಿಯೇ ಎಂದು ಸಾಬೀತು ಮಾಡುವ ಕೆಲಸ ನಮ್ಮ ತಲೆಗೇ ಬೀಳುತ್ತದೆ. ಹಾಗಾಗಿ ಆ ಪದವನ್ನು ಸಹಿ ಹಾಕುವ ಮುಂಚೆಯೇ ನೋಡಿಕೊಳ್ಳಬೇಕು.

ಈಗ ನಾನು ಬೇರೆ ಸ್ಕೂಲಿನಲ್ಲಿದ್ದೇನೆ. ಸೇರುವಾಗ ನೋಟ್‌ಬುಕ್ಕು ಜೊತೆಗೇ ತೆಗೆದುಕೊಂಡು ಹೋಗಿ, 276 ಮತ್ತು 58.1 ಎರಡನ್ನೂ ಚೀಫ್ ಇನ್‌ಸ್ಟ್ರಕ್ಟರಿಗೆ ತೋರಿಸಿದೆ. ಏರ್‌ಫೋರ್ಸಿನಿಂದ ನಿವೃತ್ತರಾದ ಹಿರಿಯರು. ತುಂಬಾ ಹೊತ್ತು ನೋಡಿದರು. ತಿಂಗಳಿಗೆ 70,000 ಫಿಕ್ಸೆಡ್, 45 ಗಂಟೆ ಅದರಲ್ಲೇ ಸೇರಿತು, ಮೇಲಿನದ್ದಕ್ಕೆ ಗಂಟೆಯ ಲೆಕ್ಕ. ಹವಾಮಾನದಿಂದ, ಮೆಂಟೆನೆನ್ಸಿನಿಂದ ಹಾರದಿದ್ದರೆ ಕಡಿತವಿಲ್ಲ ಎಂದು ಒಂದು ಸಾಲು ಸೇರಿಸಿದರು. ಪಿಎಫ್ ಇದೆ. ನೆಲದ ಪಾಠಕ್ಕೆ ಪ್ರತ್ಯೇಕ ಹಣ ಕೇಳಿದೆ, ಅದಕ್ಕೆ ಒಪ್ಪಲಿಲ್ಲ. ಟಾಯ್ಲೆಟ್ ಶೆಡ್ಡಿನ ಪಕ್ಕದಲ್ಲೇ ಇದೆ. ಹೋದ ಮೊದಲ ದಿನ ನಾನು ನೋಡಿದ್ದು ಅದನ್ನು.

ಕಳೆದ ಭಾನುವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದ್ದಳು. ನೀರು ಕುಡಿಯದೆ ಹಾರುತ್ತಿದ್ದ ಇಬ್ಬರಲ್ಲಿ ಒಬ್ಬಳು. ಅವಳಿಗೂ ಇನ್‌ಸ್ಟ್ರಕ್ಟರ್ ರೇಟಿಂಗ್ ಮಾಡಿಸುತ್ತೇವೆಂದು ಒಂದು ಸ್ಕೂಲಿನವರು ಕರೆದಿದ್ದಾರೆ. ಕರಾರಿನ ಫೋಟೊ ಕಳಿಸಿದಳು. ಎರಡು ಗಂಟೆ ಕೂತು ಸಾಲು ಸಾಲಾಗಿ ಓದಿದೆವು. ಖಾಲಿ ಚೆಕ್ಕು ಬೇಡ, ಬಾಂಡಿನ ಮೊತ್ತವನ್ನು ಅಂಕಿಯಲ್ಲಿ ಬರೆದು, ತಿಂಗಳು ತಿಂಗಳು ಕಡಿಮೆಯಾಗುತ್ತಾ ಹೋಗುವ ಹಾಗೆ ಮಾಡಿಸು ಎಂದೆ. ಹಾರದ ದಿನದ ಸಾಲು ಹೇಗೆ ಬರೆಯಿಸಬೇಕೆಂದು ಕೇಳಿದಳು. ನನ್ನ ಕಾಗದದಲ್ಲಿದ್ದ ಆ ಸಾಲನ್ನು ಹಾಗೆಯೇ ಟೈಪ್ ಮಾಡಿ ಕಳಿಸಿದ್ದೇನೆ. ಶುಕ್ರವಾರದೊಳಗೆ ಅವಳು ಅವರಿಗೆ ಉತ್ತರ ಕೊಡಬೇಕು.